ಇಡ್ಲಿ ಪಾತ್ರೆಯಲ್ಲಿ ಲಾಬ್‌ಸ್ಟರ್ ಬಾಲ

ಬೆಳಗಾವಿಗೆ ಕಡಲಿಲ್ಲ. ಆದರೆ ಚೋರ್ಲಾ ಘಾಟ್ ಇಳಿದರೆ ಗೋವಾ. ಬಾಂಗಡೆ, ಸುರ್ಮಾಯಿ ನಮ್ಮ ಅಡುಗೆಮನೆಗೆ ಹೊಸದಲ್ಲ. ದೊಡ್ಡ ಸೀಗಡಿಯಂತೆ ಕಾಣುವ ಲಾಬ್‌ಸ್ಟರ್ ಅಂದರೆ ಮಾತ್ರ ಹೋಟೆಲಿಗೇ ಬಿಟ್ಟುಬಿಡುತ್ತೇವೆ. ಹುಟ್ಟುಹಬ್ಬಕ್ಕೋ, ಮದುವೆಯ ದಿನದ ನೆನಪಿಗೋ ಮನೆಯಲ್ಲೇ ಮಾಡಿ ನೋಡಿ. ಮಟನ್ ಬೇಯಿಸುವ ಅಭ್ಯಾಸ ಮಾತ್ರ ಇಲ್ಲಿ ಬೇಡ. ಜಾಸ್ತಿ ಬೇಯಿಸಿದರೆ ಮಾಂಸ ರಬ್ಬರ್ ಆಗುತ್ತದೆ, ಜಾಸ್ತಿ ಮಸಾಲೆ ಹಾಕಿದರೆ ಅದರ ಸಿಹಿ ಹೋಗುತ್ತದೆ.

ನಮ್ಮ ಪಶ್ಚಿಮ ಕರಾವಳಿಯ ಲಾಬ್‌ಸ್ಟರ್‌ಗೆ ಏಡಿಗಿರುವಂಥ ದೊಡ್ಡ ಕೊಂಡಿ ಇರುವುದಿಲ್ಲ. ತಿನ್ನುವ ಮಾಂಸ ಹೆಚ್ಚೂಕಡಿಮೆ ಎಲ್ಲ ಬಾಲದಲ್ಲೇ. ಮರಾಠಿ ಮಾತಾಡುವ ಮೀನು ವ್ಯಾಪಾರಿಗಳ ಹತ್ತಿರ ‘ಶೇವಂಡ’ ಎಂದು ಕೇಳಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆಗ ಫ್ರೋಜನ್ ಬಾಲವೇ ಗತಿ. ಅಮೋನಿಯಾದಂಥ ಘಾಟು ವಾಸನೆ ಬಂದರೆ ಬೇಡ ಅನ್ನಿ. ಹೊಟ್ಟೆಯಡಿ ಮೊಟ್ಟೆ ತುಂಬಿಕೊಂಡದ್ದನ್ನೂ ಕೊಳ್ಳಬೇಡಿ, ಅದು ಮುಂದಿನ ಸಂತತಿ.

ನಾಲ್ವರಿಗೆ 150 ಗ್ರಾಂ ತೂಕದ 4 ಬಾಲ ಸಾಕು. ಫ್ರೋಜನ್ ಆಗಿದ್ದರೆ ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಮೊದಲ ಸಲ ಅವಸರಕ್ಕೆ ನಾನು ಬಿಸಿನೀರಿಗೆ ಹಾಕಿದ್ದೆ. ಮೇಲೆಲ್ಲ ಮೆತ್ತಗಾಗಿ ಹಿಟ್ಟಿನಂತಾಯಿತು, ಒಳಗೆ ಮಂಜುಗಡ್ಡೆ ಹಾಗೇ ಇತ್ತು. ಅಷ್ಟು ದುಡ್ಡು ಕೊಟ್ಟು ತಂದದ್ದು, ಬಹಳ ಬೇಜಾರಾಯಿತು.

ಈಗ ಕತ್ತರಿ ತೆಗೆದುಕೊಳ್ಳಿ. ಬೆನ್ನಿನ ಚಿಪ್ಪನ್ನು ನಡುವೆ ಉದ್ದಕ್ಕೆ ಕತ್ತರಿಸಿ, ತುದಿಯ ಬೀಸಣಿಗೆಯಂಥ ರೆಕ್ಕೆ ಬಂದ ಕೂಡಲೇ ನಿಲ್ಲಿಸಿ. ಚಿಪ್ಪಿನ ಅಂಚು ಚೂಪು, ಬಟ್ಟೆ ಹಿಡಿದುಕೊಂಡು ಅಗಲಿಸಿ. ಬೆರಳು ತೂರಿಸಿ ಮಾಂಸವನ್ನು ನಿಧಾನಕ್ಕೆ ಬಿಡಿಸಿ, ಮೇಲೆತ್ತಿ ಚಿಪ್ಪಿನ ಮೇಲೆ ಕೂರಿಸಿ. ರೆಕ್ಕೆಯ ಹತ್ತಿರ ಅಂಟಿಕೊಂಡೇ ಇರಲಿ. ನಡುವಿನ ಕಪ್ಪು ನರ ತೆಗೆದುಬಿಡಿ. ಬೇಯುವಾಗ ಬಾಲ ಸುರುಳಿಯಾಗದಿರಲು ಉದ್ದಕ್ಕೆ ಒಂದು ಬಿದಿರು ಕಡ್ಡಿ ಚುಚ್ಚಿ.

ಓವನ್ ಬೇಕಿಲ್ಲ, ಇಡ್ಲಿ ಪಾತ್ರೆ ಸಾಕು. ನೀರು ಕುದಿದ ಮೇಲೆ ತೂತಿನ ತಟ್ಟೆಯಲ್ಲಿ ಬಾಲಗಳನ್ನಿಟ್ಟು ಮುಚ್ಚಿ. 6 ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ. ಚಿಪ್ಪು ಕೆಂಪಾಯಿತೆಂದು ಮೋಸಹೋಗಬೇಡಿ. ಚಿಪ್ಪಿನ ಪ್ರೋಟೀನು ಹಿಡಿದಿಟ್ಟ ಕೆಂಪು ಬಣ್ಣ ಶಾಖ ತಗುಲಿದೊಡನೆ ಬಿಟ್ಟುಕೊಳ್ಳುತ್ತದೆ, ಅಷ್ಟೇ. ನೋಡಬೇಕಾದ್ದು ಮಾಂಸವನ್ನು. ಗಾಜಿನಂತೆ ಕಾಣುತ್ತಿದ್ದದ್ದು ನಡುವಿನವರೆಗೂ ಬಿಳಿಯಾಗಿರಬೇಕು. ಆಗಿಲ್ಲವೆಂದರೆ ಇನ್ನೊಂದೆರಡು ನಿಮಿಷ ಬಿಡಿ, ಆದರೆ ಅಲ್ಲೇ ನಿಂತಿರಿ.

ಈ ನಡುವೆ ಪಕ್ಕದ ಒಲೆಯಲ್ಲಿ 50 ಗ್ರಾಂ ಬೆಣ್ಣೆ ಕರಗಿಸಿ, ಜಜ್ಜಿದ 6 ಎಸಳು ಬೆಳ್ಳುಳ್ಳಿ ಹಾಕಿ. ಘಮ ಬಂದರೆ ಸಾಕು, ಕಂದಾಗುವುದು ಬೇಡ. ಒಲೆ ಆರಿಸಿ, ಚಿಟಿಕೆ ಬ್ಯಾಡಗಿ ಪುಡಿ, ಉಪ್ಪು, ನಿಂಬೆರಸ ಸೇರಿಸಿ. ಗರಂ ಮಸಾಲೆ ಡಬ್ಬಿ ಮುಟ್ಟಬೇಡಿ, ಪ್ಲೀಸ್.

ಬಾಲದ ಮೇಲೆ ಬೆಣ್ಣೆ ಸುರಿದು ಬಿಸಿಬಿಸಿಯಾಗಿ ಬಡಿಸಿ. ತಟ್ಟೆಯಲ್ಲುಳಿದ ಬೆಣ್ಣೆ ಒರೆಸಿಕೊಳ್ಳಲು ಪಾವ್ ಇರಲಿ. ಸೀಗಡಿ, ಏಡಿ ಅಲರ್ಜಿ ಇರುವವರು ಇದನ್ನು ತಿನ್ನಬಾರದು, ನೆಂಟರನ್ನು ಮೊದಲೇ ಕೇಳಿಬಿಡಿ. ಚಿಪ್ಪುಗಳನ್ನು ಎಸೆಯಬೇಡಿ. ಈರುಳ್ಳಿ, ಮೆಣಸಿನಕಾಳಿನ ಜೊತೆ 20 ನಿಮಿಷ ಕುದಿಸಿ ಸೋಸಿಟ್ಟರೆ, ಮರುದಿನದ ಅನ್ನಕ್ಕೆ ಆ ನೀರೇ ಸಾಕು.