ಪಿಯಾನೋ ನುಡಿಯುವಾಗ ಗಿಟಾರ್ ಏನು ಮಾಡಬೇಕು

ನಾನು ಮಿತಭಾಷಿ. ಮದುವೆ ಮನೆಗೆ ಹೋದರೆ ಮೂಲೆಯ ಕುರ್ಚಿ ಹುಡುಕುವವನು. ಆದರೆ ಕೈಗೆ ಗಿಟಾರ್ ಬಂದರೆ ಬಿಡುವಿಲ್ಲದೆ ಮಾತನಾಡುತ್ತಿದ್ದೆ. ಅದು ತಿಳಿದದ್ದು ಶಿಕಾಗೊದಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದ, ವಾದಕರು ಜೊತೆ ಸೇರಿ ನುಡಿಸುವ ಜಾಜ್ ಜಾಮ್ ಸೆಷನ್‌ನಲ್ಲಿ. ಹಿರಿಯ ಪಿಯಾನೋ ವಾದಕರೊಬ್ಬರು ಹತ್ತಿರ ಕರೆದು, "ನಿನ್ನ ಕಾರ್ಡ್‌ಗಳೆಲ್ಲ (ಒಟ್ಟಿಗೆ ಮೀಟುವ ಸ್ವರಗುಚ್ಛಗಳು) ಸರಿಯಾಗಿವೆ. ಈಗ ನಾನು ಏನು ನುಡಿಸಿದೆ, ಹೇಳು" ಎಂದರು. ಹೇಳಲು ಆಗಲಿಲ್ಲ.

ಜಾಜ್ ಗಿಟಾರ್ ವಾದಕರು ಅಂತರ್ಮುಖಿಗಳೋ ಬಹಿರ್ಮುಖಿಗಳೋ ಎಂದು ಕೇಳುವವರಿದ್ದಾರೆ. ಆ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಜಾಂಗೊ ರೈನ್‌ಹಾರ್ಟ್ 1928ರ ಬೆಂಕಿಯಲ್ಲಿ ಎಡಗೈಯ ಎರಡು ಬೆರಳುಗಳ ಸ್ವಾಧೀನ ಕಳೆದುಕೊಂಡರೂ ಉಳಿದೆರಡು ಬೆರಳುಗಳಲ್ಲೇ ಮಿಂಚಿನಂತಹ ಸೋಲೋ, ಅಂದರೆ ಒಂಟಿ ವಾದನ, ನುಡಿಸಿದರು. ಇಂಡಿಯಾನಾಪೊಲಿಸ್‌ನ ವೆಸ್ ಮಾಂಟ್‌ಗೊಮರಿ ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಕ್ಲಬ್‌ಗಳಲ್ಲಿ ತಂತಿ ಮೀಟುವ ಪಿಕ್ ಇಲ್ಲದೆ ಹೆಬ್ಬೆರಳಿನಿಂದ ನುಡಿಸಿದವರು. ಫ್ರೆಡ್ಡಿ ಗ್ರೀನ್ ಅಂತೂ 1937ರಿಂದ 1987ರಲ್ಲಿ ತೀರಿಕೊಳ್ಳುವವರೆಗೆ ಕೌಂಟ್ ಬೇಸಿ ಜಾಜ್ ತಂಡದ ಗಿಟಾರ್ ಹಿಡಿದಿದ್ದರು, ಸೋಲೋ ನುಡಿಸಿದ್ದು ತೀರಾ ಅಪರೂಪ. ಮೂವರೂ ಮೂರು ದಾರಿಯವರು. ಬಾಯಿಯ ಸ್ವಭಾವ ಹೇಗಾದರೂ ಇರಲಿ, ಕಿವಿಯ ಸ್ವಭಾವ ಬೇರೆ. ನನ್ನ ಕಿವಿ ಇನ್ನೊಬ್ಬರಿಗೆ ಜಾಗವನ್ನೇ ಕೊಟ್ಟಿರಲಿಲ್ಲ.

ನಾನು ಗ್ರೀನ್ ಅವರ ಹಿಂದೆ ಬಿದ್ದೆ. ತಾಳದ ನಾಲ್ಕು ಪೆಟ್ಟಿಗೂ ಒಂದೊಂದು ಮೀಟು, ಅಷ್ಟೇ. ಪೂರ್ತಿ ಕಾರ್ಡ್ ಹಿಡಿದಂತೆ ಕಂಡರೂ ಗಟ್ಟಿಯಾಗಿ ಕೇಳುವುದು ಎಷ್ಟೋ ಕಡೆ ಒಂದೆರಡು ತಂತಿ ಮಾತ್ರ. ನಾನೂ ಆರು ತಂತಿಗಳಲ್ಲಿ ನಾಲ್ಕನ್ನು ಬಿಟ್ಟೆ. ಬಿ ಫ್ಲಾಟ್ ಶ್ರುತಿಯ ಬ್ಲೂಸ್‌ನಲ್ಲಿ ಮೊದಲ ಕಾರ್ಡಿಗೆ ನಾಲ್ಕನೇ ತಂತಿಯ ಆರನೇ ಮನೆ (ಫ್ರೆಟ್), ಮೂರನೇ ತಂತಿಯ ಏಳನೇ ಮನೆ. ನಮ್ಮ ಲೆಕ್ಕದಲ್ಲಿ ಆ ಕಾರ್ಡಿನ ನಿಷಾದ ಮತ್ತು ಗಾಂಧಾರ. ಹಿಡಿತ ಬದಲಿಸದೆ ಒಂದು ಮನೆ ಹಿಂದೆ ಜಾರಿದರೆ ಇ ಫ್ಲಾಟ್ ಕಾರ್ಡ್, ಒಂದು ಮನೆ ಮುಂದೆ ಸರಿದರೆ ಎಫ್. ಬ್ಲೂಸ್‌ನ ಒಂದು ಸುತ್ತಿನ ಹನ್ನೆರಡು ಬಾರ್‌ಗಳೂ (ನಾಲ್ಕು ಪೆಟ್ಟಿನ ಆವರ್ತಗಳೂ) ಅಷ್ಟರಲ್ಲೇ ಮುಗಿಯುತ್ತವೆ. ಬೆರಳಿಗೆ ಕೆಲಸ ಕಡಿಮೆಯಾದ ಮೇಲೆಯೇ ನನಗೆ ಬೇಸ್ ವಾದಕರ ನಡೆ ಸ್ಪಷ್ಟವಾಗಿ ಕೇಳಿಸತೊಡಗಿತು. ಮನೆಯಲ್ಲಿ ತಾಳ ಹಾಕುವ ಯಂತ್ರವಾದ ಮೆಟ್ರೊನೋಮನ್ನು ಎರಡು ಮತ್ತು ನಾಲ್ಕನೇ ಪೆಟ್ಟಿಗೆ ಮಾತ್ರ ಇಟ್ಟುಕೊಂಡು, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳುತ್ತಿದ್ದೆ. ಮೊದಲ ತಿಂಗಳು ಮೂರನೇ ಪೆಟ್ಟು ಪ್ರತಿ ಸಲವೂ ಮುಂದೋಡುತ್ತಿತ್ತು.

ಆಗ ನೆನಪಾದವರು ಮೈಸೂರಿನ ನನ್ನ ಸೋದರಮಾವ. ಕಛೇರಿಗಳಲ್ಲಿ ಮೃದಂಗ ನುಡಿಸುವಾಗ ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ಗಾಯಕರ ಜೊತೆ ಸಾಹಿತ್ಯ ಹೇಳಿಕೊಳ್ಳುತ್ತಿದ್ದರು. "ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಗೊತ್ತಿರದಿದ್ದರೆ ಪಕ್ಕವಾದ್ಯ ಹೇಗೆ ನುಡಿಸುತ್ತೀಯೋ?" ಎನ್ನುತ್ತಿದ್ದರು. ನಾನು ನುಡಿಸುತ್ತಿದ್ದ ಹಾಡುಗಳ ಸಾಹಿತ್ಯವನ್ನೆಲ್ಲ ಬಾಯಿಪಾಠ ಮಾಡಿದೆ. ಗಿಟಾರಿಗೆ ಸಾಹಿತ್ಯ ಏತಕ್ಕೆ ಎಂದು ಕೇಳಿದ ಗೆಳೆಯರಿಗೆ ಈಗಲೂ ಇದೇ ಉತ್ತರ ಕೊಡುತ್ತೇನೆ.

ಪಿಯಾನೋ ಮತ್ತು ಗಿಟಾರ್ ಒಂದೇ ವೇದಿಕೆಯಲ್ಲಿದ್ದರೆ ಕಷ್ಟವೇ. ಇಬ್ಬರೂ ಕಾರ್ಡ್ ಕೊಡುವವರು, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಗಿಟಾರಿನ ಜಿಮ್ ಹಾಲ್ ಮತ್ತು ಪಿಯಾನೋದ ಬಿಲ್ ಇವಾನ್ಸ್ 1962ರಲ್ಲಿ ಬೇಸ್, ಡ್ರಮ್ಸ್ ಯಾವುದೂ ಇಲ್ಲದೆ ಇಬ್ಬರೇ ಧ್ವನಿಮುದ್ರಣ ಮಾಡಿದರು. ಅದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಪಿಯಾನೋ ಮೇಲೆ ಹಾರಿದಾಗ ಹಾಲ್ ಕೆಳಗೆ ಲಯ ಹಿಡಿದು ನಿಲ್ಲುತ್ತಾರೆ. ಹಾಲ್ ಮಾತು ಶುರು ಮಾಡಿದರೆ ಇವಾನ್ಸ್ ತೆಳ್ಳಗಾಗುತ್ತಾರೆ. ನನಗೆ ಬೇಕಿದ್ದ ಪಾಠ ಅಲ್ಲೇ ಇತ್ತು.

ಎಂಟು ತಿಂಗಳ ನಂತರ ಅದೇ ಜಾಮ್‌ನಲ್ಲಿ, ಅದೇ ಹಿರಿಯರ ಪಕ್ಕದಲ್ಲಿ, ಬಿ ಫ್ಲಾಟ್ ಬ್ಲೂಸ್. ಅವರ ಸೋಲೋ ಮೊದಲ ಸುತ್ತಿಗೆ ನಾನು ಒಂದು ತಂತಿಯನ್ನೂ ಮುಟ್ಟಲಿಲ್ಲ. ಎರಡನೇ ಸುತ್ತಿಗೆ ಆ ಎರಡು ತಂತಿಗಳು, ಮೆತ್ತಗೆ, ನಾಲ್ಕು ಪೆಟ್ಟು. ಮೂರನೇ ಸುತ್ತು ಬರುವಷ್ಟರಲ್ಲಿ ಅವರು ಕಾರ್ಡ್ ನುಡಿಸುತ್ತಿದ್ದ ಎಡಗೈಯನ್ನು ಕೀಲಿಗಳಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಸೋಲೋ ಮುಗಿಯುವವರೆಗೂ ಆ ಕೈ ಅಲ್ಲೇ ಇತ್ತು.