ರನ್ ಅನ್ನೋ ಪದಾನ ನಾನು ಹಿಡಿದಿದ್ದು ಹೀಗೆ

ಇಂಗ್ಲಿಷಲ್ಲಿ ದೊಡ್ಡ ದೊಡ್ಡ ಪದಗಳು ಕಷ್ಟ ಅಲ್ಲ, ಅವಕ್ಕೆ ಅರ್ಥ ಒಂದೋ ಎರಡೋ ಇರುತ್ತೆ, ಡಿಕ್ಷನರಿ ತೆಗೆದ್ರೆ ಮುಗೀತು. ಆಟ ಆಡಿಸೋದು ರನ್, ಸೆಟ್, ಗೆಟ್ ಥರದ ಮೂರಕ್ಷರದವು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಲಿ ಸೆಟ್ ಅನ್ನೋದೇ ಎಲ್ಲಕ್ಕಿಂತ ಉದ್ದದ ನಮೂದು, ಆಮೇಲೆ ಪರಿಷ್ಕರಣೆಲಿ ರನ್ ಅದನ್ನ ಹಿಂದೆ ಹಾಕ್ತು, ಕ್ರಿಯಾಪದವಾಗಿಯೇ 645 ಅರ್ಥ! ಪೀಟರ್ ಗಿಲಿವರ್ ಅನ್ನೋ ಸಂಪಾದಕರು ಇದೊಂದಕ್ಕೇ ಸುಮಾರು 9 ತಿಂಗಳು ಕೂತಿದ್ರಂತೆ. ಹಾಗಾಗಿ ಎಲ್ಲಾ ಬಾಯಿಪಾಠ ಮಾಡೋ ಯೋಚನೆನೇ ಬಿಟ್ಟೆ.

ನಾನು ಮಾಡಿದ್ದೇನಂದ್ರೆ, ಓದುವಾಗ ರನ್ ಸಿಕ್ಕಿದ ವಾಕ್ಯ ಪೂರ್ತಿ ಬರ್ಕೊಂಡು ಎರಡೇ ಪ್ರಶ್ನೆ ಕೇಳ್ತಿದ್ದೆ, ಓಡ್ತಿರೋದು ಯಾರು ಅಥವಾ ಏನು, ರನ್ ಆದ್ಮೇಲೆ ಏನು ಬಂದಿದೆ. ಮೊದಲನೇ ಪ್ರಶ್ನೆಗೆ ಕನ್ನಡನೇ ಅರ್ಧ ದಾರಿ ಕರ್ಕೊಂಡು ಹೋಗುತ್ತೆ ನೋಡಿ, ನಮ್ಮಲ್ಲೂ ಗಾಡಿ ಓಡುತ್ತೆ, ಸಿನಿಮಾ ನೂರು ದಿನ ಓಡುತ್ತೆ, ವ್ಯಾಪಾರ ಓಡುತ್ತೆ. ಆದ್ರೆ ಮೂಗು ಓಡಲ್ಲ, ಸೋರುತ್ತೆ. ಬಟ್ಟೆ ಬಣ್ಣ ಬಿಡುತ್ತೆ, ನದಿ ಹರಿಯುತ್ತೆ, ರಸ್ತೆ ಊರ ಪಕ್ಕದಲ್ಲೇ ಹಾದು ಹೋಗುತ್ತೆ, ಇಂಗ್ಲಿಷಲ್ಲಿ ಇದಕ್ಕೆಲ್ಲಾ ರನ್ನೇ.

ನಿಜವಾಗ್ಲೂ ಬಾಗಿಲು ತೆರೆದಿದ್ದು ಎರಡನೇ ಪ್ರಶ್ನೆಲಿ. ನಮ್ಮಲ್ಲಿ ನಡೆ, ನಡೆಸು ಅಂತ ಎರಡು ರೂಪ ಇದೆ, ತಾನಾಗೇ ಆಗೋದಕ್ಕೆ ಒಂದು, ಮಾಡಿಸೋದಕ್ಕೆ ಇನ್ನೊಂದು. ಇಂಗ್ಲಿಷಲ್ಲಿ ಆ 'ಇಸು' ಇಲ್ಲ. 'ದ ಮಷೀನ್ ರನ್ಸ್' ಅಂದ್ರೆ ಮಷೀನ್ ಓಡುತ್ತೆ, 'ಶೀ ರನ್ಸ್ ದ ಮಷೀನ್' ಅಂದ್ರೆ ಅವಳು ಓಡಿಸ್ತಾಳೆ. ಕಂಪನಿ, ಟೆಸ್ಟ್, ಪ್ರೋಗ್ರಾಮ್, ಪೇಪರಲ್ಲಿ ಒಂದು ಸುದ್ದಿ, ಇಂಥ ನಾಮಪದ ರನ್ ಆದ್ಮೇಲೆ ನೇರವಾಗಿ ಬಂದ್ರೆ ನಡೆಸು, ಮಾಡು, ಹಾಕು ಇವುಗಳಲ್ಲಿ ಯಾವುದಾದ್ರೂ ಒಂದು ಕೂತ್ಕೊಳ್ಳುತ್ತೆ. ಆದ್ರೆ 'ರನ್ ಎ ಫೀವರ್'ಗೆ ಇದು ನಡಿಯಲ್ಲ, ಜ್ವರ ಯಾರೂ ನಡೆಸಲ್ವಲ್ಲ, ಜ್ವರ ಬಂದಿದೆ ಅಷ್ಟೇ.

ಇನ್ನು ರನ್ ಆದ್ಮೇಲೆ ಔಟ್, ಇನ್‌ಟು, ಓವರ್ ಅಂಟ್ಕೊಂಡು ಬರೋವು. ಕ್ರಿಕೆಟ್ ನೋಡೋರಿಗೆ ರನ್ ಔಟ್ ಅಂದ ತಕ್ಷಣ ಬೇಲ್ಸ್ ಬೀಳೋದೇ ಕಣ್ಮುಂದೆ, 'ವೀ ರ್‍ಯಾನ್ ಔಟ್ ಆಫ್ ಪೇಪರ್' ಅಂದ್ರೆ ಪೇಪರ್ ಖಾಲಿ ಆಯ್ತು ಅಂತ, ಇಲ್ಲಿ ಔಟ್ ಆದ್ಮೇಲಿರೋ ಆಫ್ ನೋಡ್ಕೊಂಡ್ರೆ ಸಾಕು. ರನ್ ಇನ್‌ಟು ಆದ್ಮೇಲೆ ಗೆಳೆಯ ಇದ್ರೆ ಅಚಾನಕ್ ಸಿಕ್ಕಿದ್ದು, ಗೋಡೆ ಇದ್ರೆ ಗುದ್ದಿದ್ದು, ತೊಂದರೆ ಇದ್ರೆ ಎದುರಾಗಿದ್ದು. ರನ್ ಓವರಲ್ಲಿ ಮಾತ್ರ ಹುಷಾರು, ಮೀಟಿಂಗ್ ರನ್ ಓವರ್ ಆದ್ರೆ ಟೈಮ್ ಮೀರಿದೆ, ಯಾರನ್ನಾದ್ರೂ ಕಾರು ರನ್ ಓವರ್ ಮಾಡಿದ್ರೆ ಆಂಬುಲೆನ್ಸ್ ಕರೀಬೇಕು.

ರೂಪಗಳ ಬಗ್ಗೆ ಒಂದು ಮಾತು: ರನ್, ರ್‍ಯಾನ್, ಮೂರನೇದು ಮತ್ತೆ ರನ್. 'ಹ್ಯಾವ್ ರ್‍ಯಾನ್' ಅಂತ ಬರೆಯೋರು ತುಂಬಾ ಜನ ಇದ್ದಾರೆ, 'ಹ್ಯಾವ್ ರನ್' ಸರಿ. ಚುನಾವಣೆಗೆ ಅಮೆರಿಕದವರು ರನ್ ಆಗ್ತಾರೆ, ಬ್ರಿಟಿಷರು ಸಾಮಾನ್ಯವಾಗಿ ಸ್ಟ್ಯಾಂಡ್ ಅಂತಾರೆ, ನಾವೂ ನಿಲ್ಲೋರೇ. 'ತ್ರೀ ಡೇಸ್ ರನ್ನಿಂಗ್' ಅಂದ್ರೆ ಮೂರು ದಿನ ಸತತವಾಗಿ, 'ಇನ್ ದ ಲಾಂಗ್ ರನ್' ಅಂದ್ರೆ ಮುಂದೆ ಹೋಗ್ತಾ ಹೋಗ್ತಾ. ಇಂಥವನ್ನ ಬಿಡಿಸೋಕೆ ಹೋಗ್ಲಿಲ್ಲ, ಇಡಿಯಾಗೇ ನುಂಗಿದೆ.