ಸತ್ತಿದೆ ಅಂದ ನೋಹನ ನಾವೆ ಕೊನೆಗೂ ತೇಲಿತು

'ಸೂಪರ್ 3ಡಿ ನೋವಾಸ್ ಆರ್ಕ್' ಈಗ ನನ್ನ ಹಳೇ ನಿಂಟೆಂಡೊ ಗೇಮ್ ಕನ್ಸೋಲ್ ಎಸ್‌ಎನ್‌ಇಎಸ್‌ನಲ್ಲಿ ಸ್ವಿಚ್ ಹಾಕಿದ ತಕ್ಷಣ ಬರುತ್ತದೆ. 1994ರ ಮೂಲ ಕಾರ್ಟ್ರಿಜ್, 2014ರಲ್ಲಿ ಮತ್ತೆ ಬಿಟ್ಟದ್ದಲ್ಲ. ಇಲ್ಲಿ ನ್ಯೂಜೆರ್ಸಿಯಲ್ಲಿ ನನ್ನ ಹಳೇ ಗೇಮ್ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು: "ಒಳಗಿನ ಚಿಪ್ ಸತ್ತಿದೆ ಮಾರಾಯ, ಬಿಸಾಕು."

ತೊಂಬತ್ತು ಡಾಲರ್ ಹತ್ತಿರ ಕೊಟ್ಟು ತಂದದ್ದು, ಹೇಗೆ ಬಿಸಾಕೋದು?

ಇದು ನಿಂಟೆಂಡೊ ಲೈಸೆನ್ಸ್ ಇಲ್ಲದ ಗೇಮ್, ಹಾಗಾಗಿ ಕನ್ಸೋಲ್ ಹುಡುಕೋ ಲಾಕ್ ಚಿಪ್, ಅಂದರೆ ಕಾರ್ಟ್ರಿಜ್ ಅಸಲಿ ಅಂತ ತೋರಿಸೋ ಚಿಪ್, ಇದರಲ್ಲಿಲ್ಲ. ಗೇಮ್ ಮಾಡಿದ ವಿಸ್ಡಮ್ ಟ್ರೀಯವರು ಕಾರ್ಟ್ರಿಜ್ ಮೇಲೊಂದು ಸ್ಲಾಟ್ ಇಟ್ಟರು, ಅಲ್ಲಿ ಅಸಲಿ ಕಾರ್ಟ್ರಿಜ್ ಸಿಕ್ಕಿಸಿದರೆ ಅದರ ಲಾಕ್ ಚಿಪ್ ಕನ್ಸೋಲ್ ಜೊತೆ ಮಾತಾಡಿಕೊಳ್ಳುತ್ತದೆ, ಅಷ್ಟರಲ್ಲಿ ಇವರ ಗೇಮ್ ಓಡುತ್ತದೆ. ನಾನು ನಾಲ್ಕೈದು ಡಾಲರಿಗೆ ಸಿಕ್ಕ ಒಂದು ಹಳೇ ಮ್ಯಾಡೆನ್ ಫುಟ್ಬಾಲ್ ಗೇಮ್ ತಂದು ಸಿಕ್ಕಿಸಿದೆ. ಕಪ್ಪು ಪರದೆ. ಐಪಿಎ (ಕ್ಲೀನ್ ಮಾಡೋ ಆಲ್ಕೋಹಾಲ್) ಹಾಕಿ ಉಜ್ಜಿದೆ, ಮತ್ತೆ ಕಪ್ಪು. ಮ್ಯಾಡೆನ್ ತೆಗೆದು ಸೂಪರ್ ಮಾರಿಯೋ ವರ್ಲ್ಡ್ ಹಾಕಿದರೂ ಅದೇ. ರಿಪೇರಿ ಅಂಗಡಿಯವನೊಬ್ಬ ಬಿಚ್ಚಿ ನೋಡೋದಕ್ಕೇ ಅರವತ್ತು ಕೇಳಿದ, ಆಗಲ್ಲ ಅಂದರೂ ವಾಪಸ್ ಕೊಡಲ್ಲವಂತೆ!

ದಾರಿ ಸಿಕ್ಕಿದ್ದು ಗೆಳೆಯನ ಕನ್ಸೋಲಿನಿಂದ. ಅವನು ತನ್ನ ಎಸ್‌ಎನ್‌ಇಎಸ್‌ನ ಲಾಕ್ ಚಿಪ್ಪಿನ 4ನೇ ಪಿನ್ ಎತ್ತಿಟ್ಟಿದ್ದಾನೆ, ಹಾಗಾಗಿ ಅದು ಕಾರ್ಟ್ರಿಜ್‌ನಲ್ಲಿ ಲಾಕ್ ಚಿಪ್ ಇದೆಯಾ ಅಂತ ಕೇಳೋದೇ ಇಲ್ಲ. ಅದರಲ್ಲಿ ಹಾಕಿದೆ, ಮೇಲೆ ಏನೂ ಇಲ್ಲದೆಯೇ ನೋಹ ಬಂದುಬಿಟ್ಟ. ಅಂದರೆ ಗೇಮ್ ಚಿಪ್ ಗಟ್ಟಿಮುಟ್ಟಾಗಿದೆ, ತೊಂದರೆ ಇರೋದು ಲಾಕ್ ಲೈನ್‌ಗಳಲ್ಲಿ. ನಾಲ್ಕೇ ಲೈನ್ ಅಲ್ವಾ, ಕಾರ್ಟ್ರಿಜ್ ಅಂಚಿನ ಪಿನ್ 24, 25, ಅವುಗಳ ಬೆನ್ನಿಗೆ 55, 56. ಮೇಲಿನ ಸ್ಲಾಟಿನಿಂದ ಕೆಳಗಿನ ಅಂಚಿಗೆ ಮಲ್ಟಿಮೀಟರ್ ಇಟ್ಟರೆ ಮೂರು ಕುಂಯ್ ಅಂದವು, ಅಂದರೆ ಲೈನ್ ಸರಿ ಇದೆ; 55 ಸುಮ್ನಿತ್ತು. ಮೇಲಿನ ಕನೆಕ್ಟರಿನ ಬುಡದಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು. ಮೂವತ್ತು ವರ್ಷ ಜನ ಅಲ್ಲಿ ಇನ್ನೊಂದು ಕಾರ್ಟ್ರಿಜ್ ಒತ್ತಿ ಒತ್ತಿ ಕಿತ್ತಿದ್ದಾರೆ, ಬಿಡದೆ ಏನು ಮಾಡುತ್ತದೆ. ಫ್ಲಕ್ಸ್ (ಬೆಸುಗೆ ಹಿಡಿಯೋಕೆ ಹಚ್ಚೋದು) ಹಾಕಿ ನಾಲ್ಕನ್ನೂ ಮತ್ತೆ ಬೆಸೆದೆ. ಕನೆಕ್ಟರ್ ಅಲ್ಲಾಡದ ಹಾಗೆ ಹೇಗೆ ಹಿಡಿದೆ, ಲೇಬಲ್‌ಗೆ ಗೆರೆ ಬೀಳದ ಹಾಗೆ ಹೇಗೆ ಬಿಚ್ಚಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನನ್ನ ಕನ್ಸೋಲಿನ ಪಿನ್ನೂ ಎತ್ತಬಹುದಿತ್ತು, ಆದರೆ ಆಗ ಈ ಎರಡಂತಸ್ತಿನ ಮಜಾ ಎಲ್ಲಿ?

ಸುಮ್ನೆ ಒಂದು ಪ್ರಯೋಗವೂ ಮಾಡಿದೆ. ಲಂಡನ್‌ನಿಂದ ಬಂದ ಒಂದು ಪಾಲ್ (ಯುರೋಪಿನ ಟಿವಿ ಪದ್ಧತಿಯ) ಕಾರ್ಟ್ರಿಜ್ ಮೇಲೆ ಹಾಕಿದೆ, ಕಪ್ಪು. ಅದರ ಲಾಕ್ ಚಿಪ್ ಬೇರೆ ಪ್ರಾಂತ್ಯದ್ದು, ಅಮೆರಿಕದ ಕನ್ಸೋಲ್ ಒಪ್ಪಲ್ಲ. ವಿಸ್ಡಮ್ ಟ್ರೀಯವರದ್ದೇ 'ಬೈಬಲ್ ಅಡ್ವೆಂಚರ್ಸ್' ನನ್ನ ಅದಕ್ಕೂ ಹಳೇ ನಿಂಟೆಂಡೊ ಕನ್ಸೋಲ್ ಎನ್‌ಇಎಸ್‌ನಲ್ಲಿ ಇನ್ನೂ ಓಡದೆ ಮಿಣಮಿಣ ಅಂತಿದೆ. ಅದರದ್ದು ಬೇರೆ ಉಪಾಯ, ವೋಲ್ಟೇಜ್ ಹೊಡೆದು ಲಾಕ್ ಚಿಪ್ಪನ್ನು ಮಂಕು ಮಾಡೋದು. ಅದನ್ನು ಇನ್ನೊಮ್ಮೆ ಹಿಡಿಯಬೇಕು.

ನೋಹನ ಗೇಮ್ ಹೇಗಿದೆ ಅಂದರೆ, ಬಂದೂಕಿನ ಹಳೇ ಗೇಮ್ ವುಲ್ಫೆನ್‌ಸ್ಟೈನ್ ಎಂಜಿನ್ನೇ, ಗುಪ್ತ ಬಾಗಿಲುಗಳೂ ಹಾಗೇ. ನಿಂಟೆಂಡೊ ಮೇಲಿನ ಸಿಟ್ಟಿಗೆ ಅದನ್ನು ಮಾಡಿದ ಐಡಿ ಕಂಪನಿಯವರು ಎಂಜಿನ್ ಪುಕ್ಕಟೆ ಕೊಟ್ಟರು ಅನ್ನೋದು ಕಟ್ಟುಕಥೆ, ವಿಸ್ಡಮ್ ಟ್ರೀಯವರು ಲೈಸೆನ್ಸ್ ತೆಗೆದುಕೊಂಡೇ ಮಾಡಿದ್ದು. ಬಂದೂಕಿನ ಬದಲು ಕವಣೆ. ಆಡಿಗೆ ಕಾಳು ಹೊಡೆದು ಮಲಗಿಸಬೇಕು. ನನಗೆ ನಿಜವಾಗಲೂ ಇಷ್ಟವಾಯಿತು, ಆದರೆ ಆಡುಗಳು ಜಾಸ್ತಿಯಾಯಿತು.

ಮ್ಯಾಡೆನ್, ಫ್ಲಕ್ಸ್ ಎಲ್ಲ ಸೇರಿ ನೂರು ಡಾಲರ್ ಚಿಲ್ಲರೆ ಬಿದ್ದಿರಬೇಕು. ಬಿಸಾಕು ಅಂದಿದ್ದ ಗೆಳೆಯನೇ ಈಗ ನೂರೈವತ್ತಕ್ಕೆ ಕೇಳುತ್ತಿದ್ದಾನೆ. ಕೊನೆಯ ಕರಡಿಯನ್ನು ಮಲಗಿಸಿದ ಮೇಲೆ ನೋಡೋಣ ಅಂದಿದ್ದೇನೆ.